ಸಂಸಾರ ಸಮೇತ ಶರಣಕ್ಷೇತ್ರ ಸಂಚಾರ: ಮುಕ್ಕಾಮುಗಳ ವಿಚಾರ

ಪ್ರಯಾಣವೆಂದೊಡನೆ ನಮ್ಮ ಮನಸ್ಸು ತಲುಪಬೇಕಾದ ಊರನ್ನು ನೆನೆಯುತ್ತದೆ. ತಂಗಬೇಕಾದ ಊರನ್ನು ನೆನೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಮನೆತನಗಳಲ್ಲಿ ಅಜ್ಜ ಅಜ್ಜಿಯರಿಂದ ಮೊದಲುಗೊಂಡು ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ವಾಹನದಲ್ಲಿ ಕುಳಿತು ಶರಣರ ನೆಲೆಗಳನ್ನು ನೋಡಿ ಬರುವುದು ಈಗ ಅಪರೂಪದ ಸಂಗತಿಯಲ್ಲ. ಆದರೆ ಹೊರಡುವ ಮೊದಲು ಅವರು ಬರೆದುಕೊಳ್ಳುವ ಪಟ್ಟಿಯನ್ನು ನೋಡಿದರೆ ಅದರಲ್ಲಿ ಕ್ಷೇತ್ರಗಳ ಹೆಸರುಗಳಿರುತ್ತವೆಯೇ ಹೊರತು ಮುಕ್ಕಾಮುಗಳ ಹೆಸರುಗಳಿರುವುದಿಲ್ಲ. ನಾಲ್ಕು ದಿನಗಳಲ್ಲಿ ಹದಿನಾಲ್ಕು ಕ್ಷೇತ್ರಗಳು, ರಾತ್ರಿಯೆಲ್ಲ ಪ್ರಯಾಣ, ಹಗಲೆಲ್ಲ ದರ್ಶನ. ಮರಳಿ ಬಂದಾಗ ಹಿರಿಯರಿಗೆ ಮಂಡಿನೋವು, ಮಕ್ಕಳಿಗೆ ಜ್ವರ. ಯಾವ ಊರಿನಲ್ಲಿ ಏನನ್ನು ಕಂಡೆವೆಂಬುದು ಯಾರಿಗೂ ನೆನಪಿಲ್ಲ. ಇಂಥ ಪ್ರಯಾಣದಿಂದ ದೇಹಕ್ಕೂ ಸುಖವಿಲ್ಲ, ಮನಸ್ಸಿಗೂ ಸಂಸ್ಕಾರವಿಲ್ಲ.

ಮೂರು ವಾರಗಳಿಗೆ ಮಿಕ್ಕಿದ ಒಂದು ದೀರ್ಘ ಸಂಚಾರವನ್ನು ಸಂಸಾರ ಸಮೇತ ಹೇಗೆ ಯೋಜಿಸಬೇಕೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಇದರ ಸಾರ ಒಂದೇ: ಮೊದಲು ಮುಕ್ಕಾಮು, ಆಮೇಲೆ ದಾರಿ. ರಾತ್ರಿ ಎಲ್ಲಿ ಮಲಗುತ್ತೇವೆಂಬುದು ನಿಶ್ಚಯವಾದರೆ ಹಗಲು ಏನನ್ನು ನೋಡುತ್ತೇವೆಂಬುದು ತಾನಾಗಿಯೇ ನಿಶ್ಚಯವಾಗುತ್ತದೆ.

ಯಾತ್ರೆಯೋ, ಸಂಚಾರವೋ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನೀರಿನಲ್ಲಿ ಮುಳುಗಿದರೆ ಪಾಪ ತೊಳೆಯುತ್ತದೆ, ಊರೂರು ತಿರುಗಿದರೆ ಪುಣ್ಯ ಬರುತ್ತದೆ ಎಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿರುವವನಿಗೆ ದೂರದ ಕ್ಷೇತ್ರವೇಕೆ ಎಂದು ಕೇಳುವವರು ನಮ್ಮಲ್ಲಿಯೇ ಇದ್ದಾರೆ, ಮತ್ತು ಅವರ ಪ್ರಶ್ನೆ ಯೋಗ್ಯವಾದುದೇ. ಆದರೆ ಶರಣರು ಒಂದೇ ಕಡೆಗೆ ನೆಟ್ಟ ಕಲ್ಲಿನಂತೆ ಬಾಳಿದವರಲ್ಲ. ಅಲ್ಲಮಪ್ರಭುದೇವರು ಬಳ್ಳಿಗಾವಿಯಿಂದ ಹೊರಟು ಕಲ್ಯಾಣವನ್ನು ಕಂಡವರು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದ ತಾಯಿ. ಬಸವಣ್ಣನವರ ಬಾಳು ಬಾಗೇವಾಡಿ, ಕೂಡಲಸಂಗಮ, ಮಂಗಳವೇಢೆ, ಕಲ್ಯಾಣ, ಮರಳಿ ಕೂಡಲಸಂಗಮ ಎಂಬ ಹಾದಿಯಲ್ಲಿ ಸಾಗಿತು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣ ಸಮೂಹವೊಂದು ಉಳವಿಯ ಕಾಡನ್ನು ಸೇರಿತು. ಜಂಗಮವೆಂಬ ಶಬ್ದದ ಅರ್ಥವೇ ಚಲನೆ. ಆದುದರಿಂದ ನಮ್ಮ ಸಂಚಾರ ಪುಣ್ಯಸಂಪಾದನೆಗಾಗಿ ಅಲ್ಲ. ಅವರು ನಡೆದ ನೆಲ ಯಾವುದು, ಆ ದೂರ ಎಷ್ಟು, ಆ ದಾರಿಯ ಕಷ್ಟ ಎಂಥದು ಎಂಬುದನ್ನು ನಮ್ಮ ಮಕ್ಕಳು ಕಣ್ಣಾರೆ ತಿಳಿಯಲಿ ಎಂಬುದಕ್ಕಾಗಿ. ಓಡೋಡಿ ನೋಡಿದರೆ ಆ ಉದ್ದೇಶ ನೆರವೇರುವುದಿಲ್ಲ.

ಉಳವಿಯ ಚಕ್ಕಡಿಗಳು ಕಲಿಸಿದ ಪಾಠ

ಪಶ್ಚಿಮ ದೇಶಗಳಲ್ಲಿ ಅಡುಗೆ, ಹಾಸಿಗೆ, ಶೌಚಗಳ ಅನುಕೂಲವುಳ್ಳ ಮನೆಯಂಥ ವಾಹನಗಳಲ್ಲಿ ವಾರಗಟ್ಟಲೆ ತಿರುಗುವ ಪದ್ಧತಿಯಿದೆ. ಅಂಥ ವಾಹನಗಳು ರಾತ್ರಿ ತಂಗುವುದಕ್ಕೆ ನೀರು, ವಿದ್ಯುತ್ತು, ಮಲಿನ ನೀರಿನ ವಿಲೇವಾರಿಗಳಿರುವ ಬಯಲುಗಳನ್ನು ಅಲ್ಲಿ ಮಾಡಿರುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮನೆಗಳ ಮಕ್ಕಳು ಅಲ್ಲಿಯ ರಾಷ್ಟ್ರೀಯ ಉದ್ಯಾನಗಳನ್ನು ನೋಡುವುದಕ್ಕೆ ಹೊರಟರೆ ಇಂಥ ತಂಗುದಾಣಗಳನ್ನು ಎಷ್ಟೋ ತಿಂಗಳು ಮೊದಲೇ ಕಾಯ್ದಿರಿಸುತ್ತಾರೆ. ಜಾಗ ಸಿಕ್ಕ ದಿನಕ್ಕೆ ತಕ್ಕಂತೆ ದಾರಿಯನ್ನು ಹೊಂದಿಸಿಕೊಳ್ಳುತ್ತಾರೆ. ನಮ್ಮ ಕೇಂದ್ರ ಪ್ರವಾಸೋದ್ಯಮ ಇಲಾಖೆ 2010ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಒಂದು ನೀತಿಯನ್ನು ರೂಪಿಸಿತು. ನೆರೆಯ ಕೇರಳ 2021ರಲ್ಲಿ ತನ್ನದೇ ಆದ ಯೋಜನೆಯನ್ನು ಪ್ರಕಟಿಸಿತು.

ಆದರೆ ಈ ಪದ್ಧತಿ ಧಾರವಾಡ ಸೀಮೆಗೆ ಹೊಸತಲ್ಲ. ಮಾಘಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿ ಚೆನ್ನಬಸವೇಶ್ವರರ ಜಾತ್ರೆಗೆ ಧಾರವಾಡ, ಬೆಳಗಾವಿ ಮೊದಲಾದ ಜಿಲ್ಲೆಗಳ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಟ್ರ್ಯಾಕ್ಟರು, ಬಸ್ಸು, ಕಾರುಗಳು ಬಂದ ಮೇಲೆಯೂ ಈ ಸಂಪ್ರದಾಯ ನಿಂತಿಲ್ಲ. ಬಂಡಿಗೆ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನೆ ಬಿಚ್ಚಿದರೆ ಅದು ಒಂದು ಸಂಸಾರಕ್ಕೆ ಮನೆಯೇ ಸರಿ. ಅಡುಗೆಯ ಪಾತ್ರೆ, ರೊಟ್ಟಿಯ ಗಂಟು, ನೀರಿನ ಕೊಡ, ಎತ್ತಿಗೆ ಕಣಿಕೆ ಮತ್ತು ಹಿಂಡಿ, ಗಾಲಿಗೆ ಕೀಲೆಣ್ಣೆ ಎಲ್ಲಕ್ಕೂ ಅದರಲ್ಲಿ ಸ್ಥಳವಿರುತ್ತದೆ.

ಧಾರವಾಡದಿಂದ ಹಳಿಯಾಳ, ದಾಂಡೇಲಿಗಳ ಮೇಲೆ ಉಳವಿಗೆ ನೂರಹತ್ತು ಕಿಲೋಮೀಟರಿನ ಆಸುಪಾಸು. ತುಂಬಿದ ಬಂಡಿಯನ್ನು ಎಳೆಯುವ ಎತ್ತುಗಳು ದಿನಕ್ಕೆ ಇಪ್ಪತ್ತೈದು, ಮೂವತ್ತು ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರವು. ಆದುದರಿಂದ ನಾಲ್ಕು ದಿನದ ದಾರಿ, ನಡುವೆ ಮೂರು ಮುಕ್ಕಾಮು. ಈ ಮುಕ್ಕಾಮುಗಳನ್ನು ಊರಿನ ಹಿರಿಯರು ಹೊರಡುವ ಮೊದಲೇ ನಿಶ್ಚಯಿಸುತ್ತಿದ್ದರು. ನೀರಿರಬೇಕು, ಮರದ ನೆರಳಿರಬೇಕು, ಸಮೀಪದಲ್ಲಿ ಪರಿಚಯದ ಊರೊಂದಿರಬೇಕು. ಇಳಿಹೊತ್ತಿಗೆ ಮುಂಚೆಯೇ ಬಂಡಿಗಳನ್ನು ಬಿಡಬೇಕು. ಕೊಳ್ಳು ಹರಿದೊಡನೆ ಮೊದಲು ಎತ್ತುಗಳಿಗೆ ನೀರು ಮತ್ತು ಮೇವು, ಅನಂತರ ಮಕ್ಕಳಿಗೆ ಊಟ, ಕೊನೆಗೆ ಹಿರಿಯರ ಪೂಜೆ ಮತ್ತು ಪ್ರಸಾದ. ಆಮೇಲೆ ಭಜನೆ. ನಾನು ಬಾಲಕನಾಗಿದ್ದಾಗ ಈ ಕ್ರಮವನ್ನು ಕಂಡಿದ್ದೇನೆ. ಹಸಿದ ಯಜಮಾನನು ಎತ್ತಿನ ಮುಂದೆ ಮೇವು ಹಾಕದೆ ತಾನು ಒಂದು ತುತ್ತನ್ನೂ ಮುಟ್ಟುತ್ತಿರಲಿಲ್ಲ.

ಈ ಕ್ರಮದಲ್ಲಿ ಮೂರು ನಿಯಮಗಳಿವೆ. ದಿನದ ದೂರವನ್ನು ನಮ್ಮ ಆತುರ ನಿಶ್ಚಯಿಸಬಾರದು, ಎಳೆಯುವವರ ಶಕ್ತಿ ನಿಶ್ಚಯಿಸಬೇಕು. ಬೆಳಕಿರುವಾಗಲೇ ತಂಗಬೇಕು. ಎಳೆಯುವವರಿಗೆ ಮೊದಲು ಊಟ, ಮೊದಲು ವಿಶ್ರಾಂತಿ. ವಾಹನ ಬದಲಾಗಿದೆ, ಈ ನಿಯಮಗಳು ಬದಲಾಗಬೇಕಾದ ಕಾರಣವಿಲ್ಲ.

ಇಪ್ಪತ್ತೈದು ದಿನದ ದಾರಿ

ಹುಬ್ಬಳ್ಳಿ-ಧಾರವಾಡದಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುವ ಒಂದು ಸುತ್ತನ್ನು ಇಲ್ಲಿ ಸೂಚಿಸುತ್ತೇನೆ. ಒಟ್ಟು ದೂರ ಸುಮಾರು ಎರಡು ಸಾವಿರ ಕಿಲೋಮೀಟರು. ದಿನಗಳು ಇಪ್ಪತ್ತೈದು, ರಾತ್ರಿಗಳು ಇಪ್ಪತ್ತನಾಲ್ಕು. ಇವುಗಳಲ್ಲಿ ವಾಹನ ಊರಿನಿಂದ ಊರಿಗೆ ಓಡುವ ದಿನಗಳು ಹದಿನೈದು ಮಾತ್ರ. ಉಳಿದ ಹತ್ತು ದಿನಗಳು ಒಂದೇ ನೆಲೆಯಲ್ಲಿ ನಿಲ್ಲುವ ದಿನಗಳು.

ಮೊದಲ ದಿನ ಗದಗಿನ ಮೇಲೆ ಕೊಪ್ಪಳಕ್ಕೆ ಹೋಗಿ ಗವಿಮಠದ ಊರಿನಲ್ಲಿ ಒಂದು ರಾತ್ರಿ. ಪ್ರಯಾಣ ಮೊದಲಾದ ದಿನ ಯಾವಾಗಲೂ ತಡವಾಗಿಯೇ ಹೊರಡುತ್ತೇವೆ. ಆದುದರಿಂದ ಆ ದಿನದ ದಾರಿ ಚಿಕ್ಕದಾಗಿರಬೇಕು. ಎರಡನೆಯ ದಿನ ಕುಷ್ಟಗಿ, ಇಳಕಲ್ಲ, ಹುನಗುಂದಗಳ ಮಾರ್ಗವಾಗಿ ಕೂಡಲಸಂಗಮ. ಅಲ್ಲಿ ಮೂರು ರಾತ್ರಿ. ಕೃಷ್ಣಾ ಮಲಪ್ರಭೆಗಳು ಕೂಡುವಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಂತಿದೆ. ಬಸವಣ್ಣನವರ ಐಕ್ಯಸ್ಥಳವನ್ನು ನೀರು ಮುಳುಗಿಸದಂತೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಲಾಗಿದೆ. ಮೆಟ್ಟಿಲುಗಳನ್ನು ಇಳಿದು ಕೆಳಗೆ ನಿಂತಾಗ ನಾಲ್ಕೂ ಕಡೆಯ ನೀರಿನ ಮಟ್ಟ ನಮ್ಮ ತಲೆಗಿಂತ ಮೇಲಿದೆಯೆಂಬ ಅರಿವು ಮಕ್ಕಳಿಗೆ ಬರಲಿ. ನಡುವಿನ ಒಂದು ದಿನ ನೀಲಾಂಬಿಕೆಯವರ ನೆನಪಿನ ತಂಗಡಗಿಗೆ ಹೋಗಿ ಬರಬಹುದು.

ಅಲ್ಲಿಂದ ಬಸವನ ಬಾಗೇವಾಡಿಯಲ್ಲಿ ಒಂದು ರಾತ್ರಿ. ವಿಜಯಪುರದ ಮೇಲೆ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ ಎರಡು ರಾತ್ರಿ. ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆಯ ನಡುವೆ ಅವರ ಗುಡಿ ಇದೆ. ಮಹಾರಾಷ್ಟ್ರಕ್ಕೆ ಸೇರಿದ ನಗರವಾದರೂ ಅಲ್ಲಿಯ ಓಣಿಗಳಲ್ಲಿ ಕನ್ನಡ ಕೇಳುತ್ತದೆ. ಅಲ್ಲಿ ನಿಂತ ದಿನ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕಾಯಕ ಮಾಡಿದ ಮಂಗಳವೇಢೆಯನ್ನು ನೋಡಿ ಸಂಜೆಗೆ ಮರಳಬಹುದು. ಮುಂದೆ ಬಸವಕಲ್ಯಾಣದಲ್ಲಿ ಮೂರು ರಾತ್ರಿ. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನವರ ಪ್ರತಿಮೆ ದೂರದಿಂದಲೇ ಕಾಣುತ್ತದೆ; 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲನ್ನು ಇಡಲಾಯಿತು. ಆದರೆ ಕಲ್ಯಾಣವನ್ನು ಪ್ರತಿಮೆಯಿಂದಷ್ಟೇ ಅಳೆಯಬಾರದು. ಕೋಟೆ, ತ್ರಿಪುರಾಂತಕ ಕೆರೆ, ಗವಿಗಳು ಇವನ್ನೆಲ್ಲ ನಡೆದು ನೋಡುವುದಕ್ಕೆ ಎರಡು ದಿನ ಬೇಕು. ಅನಂತರ ಕಲಬುರ್ಗಿಯಲ್ಲಿ ಎರಡು ರಾತ್ರಿ. ದಾಸೋಹವನ್ನೇ ಬಾಳಿನ ವ್ರತವಾಗಿಸಿಕೊಂಡ ಶರಣಬಸವೇಶ್ವರರ (1746-1822) ನೆಲೆ ಅದು.

ಕಲಬುರ್ಗಿಯಿಂದ ಶ್ರೀಶೈಲ ದೂರ. ಒಂದೇ ದಿನದಲ್ಲಿ ಮುಟ್ಟುವ ಆಸೆ ಬೇಡ. ರಾಯಚೂರಿನಲ್ಲಿ ಒಂದು ರಾತ್ರಿ, ಕರ್ನೂಲಿನಲ್ಲಿ ಒಂದು ರಾತ್ರಿ ತಂಗಿ, ಮೂರನೆಯ ದಿನ ಬೆಳಿಗ್ಗೆ ಹೊರಟರೆ ನಲ್ಲಮಲೆಯ ಘಟ್ಟವನ್ನು ಹಗಲಿನಲ್ಲಿಯೇ ಏರಬಹುದು. ಆ ದಾರಿ ಹುಲಿಗಳ ಅಭಯಾರಣ್ಯದ ಮೂಲಕ ಹಾಯುವುದರಿಂದ ರಾತ್ರಿ ಅರಣ್ಯ ಇಲಾಖೆಯ ನಾಕೆಗಳನ್ನು ಮುಚ್ಚುತ್ತಾರೆ. ತಡಮಾಡಿ ಬಂದವರು ಕಾಡಿನ ಅಂಚಿನಲ್ಲಿ ಬೆಳಗಾಗುವವರೆಗೆ ಕಾಯಬೇಕು. ಶ್ರೀಶೈಲದಲ್ಲಿ ಮೂರು ರಾತ್ರಿ. ಅಕ್ಕನ ಗವಿಗೆ ಜಲಾಶಯದಲ್ಲಿ ದೋಣಿಯ ಮೇಲೆ ಹೋಗಬೇಕು. ನೀರಿನ ಮಟ್ಟ ಮತ್ತು ಅನುಮತಿಯನ್ನು ಅವಲಂಬಿಸಿ ದೋಣಿ ಹೊರಡುತ್ತದೆ. ಒಂದು ದಿನ ತಪ್ಪಿದರೆ ಮತ್ತೊಂದು ದಿನವಿರಲಿ ಎಂದೇ ಮೂರು ರಾತ್ರಿಗಳನ್ನು ಹೇಳಿದ್ದೇನೆ.

ಮರಳುವಾಗ ಕರ್ನೂಲಿನಲ್ಲಿ ಒಂದು ರಾತ್ರಿ. ಬಳ್ಳಾರಿಯ ಮೇಲೆ ಹೊಸಪೇಟೆಯಲ್ಲಿ ಒಂದು ರಾತ್ರಿ. ಬಸವಣ್ಣನವರ ಚರಿತ್ರೆಯನ್ನು ರಗಳೆಯಲ್ಲಿ ಬರೆದ ಹರಿಹರ ಕವಿ ಬಾಳಿದ ಹಂಪೆ ಅಲ್ಲಿಗೆ ಸಮೀಪ. ಅಲ್ಲಿಂದ ಶಿಕಾರಿಪುರ, ಎರಡು ರಾತ್ರಿ. ಅಲ್ಲಮರ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಆ ತಾಲ್ಲೂಕಿನಲ್ಲಿಯೇ ಇವೆ. ಶಿರಸಿಯಲ್ಲಿ ಒಂದು ರಾತ್ರಿ ತಂಗಿ, ಯಲ್ಲಾಪುರದ ಕಡೆಯಿಂದ ಉಳವಿಯನ್ನು ಸೇರಿ ಅಲ್ಲಿ ಎರಡು ರಾತ್ರಿ. ಇಪ್ಪತ್ತೈದನೆಯ ದಿನ ಮನೆ. ಈ ಸುತ್ತಿನಲ್ಲಿ ಅತಿ ದೀರ್ಘವಾದ ದಿನದ ದಾರಿಯೂ ಇನ್ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಕೂಡಲಸಂಗಮ ಮೊದಲಲ್ಲಿ, ಉಳವಿ ಕೊನೆಯಲ್ಲಿ ಬರುವುದರಿಂದ ಶರಣರ ಚರಿತ್ರೆ ಕೊನೆಗೊಳ್ಳುವ ಕಡೆ ನಮ್ಮ ಸಂಚಾರವೂ ಕೊನೆಗೊಳ್ಳುತ್ತದೆ.

ಕಾಲವನ್ನು ಆಯುವ ಬಗೆ

ಉಳವಿ ಸಹ್ಯಾದ್ರಿಯ ಕಾಡಿನಲ್ಲಿದೆ. ಮುಂಗಾರಿನಲ್ಲಿ ಅಲ್ಲಿಯ ಮಳೆ ಘೋರ. ಕಲಬುರ್ಗಿ, ರಾಯಚೂರುಗಳ ಬೇಸಿಗೆ ನಾಲ್ವತ್ತು ಡಿಗ್ರಿಯನ್ನು ಮೀರುತ್ತದೆ. ಒಂದೇ ಸುತ್ತಿನಲ್ಲಿ ಎರಡೂ ಸೀಮೆಗಳು ಬರುವುದರಿಂದ ಉಳಿಯುವುದು ಚಳಿಗಾಲ ಮಾತ್ರ. ಅದರಲ್ಲಿಯೂ ವಿವೇಚನೆ ಬೇಕು. ಕಾರ್ತಿಕದಲ್ಲಿ ಶ್ರೀಶೈಲ ಕಿಕ್ಕಿರಿಯುತ್ತದೆ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿಯೂ ಕೂಡಲಸಂಗಮದಲ್ಲಿಯೂ ಜನಸಾಗರ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆ, ಶಿವರಾತ್ರಿ ಯುಗಾದಿಗಳಿಗೆ ಮತ್ತೆ ಶ್ರೀಶೈಲ. ಜಾತ್ರೆಯ ಆನಂದ ಬೇರೆ. ಅದನ್ನು ಬೇರೆಯಾಗಿ ಹೋಗಿ ಅನುಭವಿಸಬೇಕು. ವೃದ್ಧರನ್ನೂ ಕೂಸುಗಳನ್ನೂ ಕರೆದುಕೊಂಡು ಹೋಗುವ ದೀರ್ಘ ಸಂಚಾರಕ್ಕೆ ಕಾರ್ತಿಕ ಮುಗಿದು ಮಾರ್ಗಶಿರ ಹುಟ್ಟಿದ ಮೇಲಿನ ದಿನಗಳೇ ಉತ್ತಮ.

ಒಕ್ಕಲುತನದ ಮನೆಗಳಿಗೆ ಅದು ಹತ್ತಿ ಬಿಡಿಸುವ ಕಾಲ. ಶಾಲೆಯ ಮಕ್ಕಳಿಗೆ ರಜೆಯಿಲ್ಲ. ಅಂಥವರು ಸುತ್ತನ್ನು ಎರಡಾಗಿ ಒಡೆಯಲಿ. ದಸರೆಯ ರಜೆಯಲ್ಲಿ ಕೂಡಲಸಂಗಮದಿಂದ ಕಲಬುರ್ಗಿಯವರೆಗಿನ ಮೊದಲ ಭಾಗ, ಇನ್ನೊಂದು ವರ್ಷ ಉಳಿದುದು. ಇಪ್ಪತ್ತೈದು ದಿನದ ದಾರಿಯನ್ನು ಹತ್ತು ದಿನಕ್ಕೆ ಬಿಗಿಯುವುದಕ್ಕಿಂತ ಹತ್ತು ದಿನದ ದಾರಿಯನ್ನು ಹತ್ತು ದಿನದಲ್ಲಿಯೇ ಮಾಡುವುದು ಲೇಸು.

ವಾಹನ ಮತ್ತು ಸಾರಥಿ

ಹನ್ನೆರಡು ಆಸನಗಳ ಟೆಂಪೋ ಟ್ರಾವೆಲರಿನಲ್ಲಿ ಚಾಲಕರ ಹೊರತು ಒಂಬತ್ತು ಜನ ಹೊರಟರೆ ಸಾಮಾನಿಗೂ ಸ್ಥಳವಿರುತ್ತದೆ, ಹಿರಿಯರು ಕಾಲು ಚಾಚುವುದಕ್ಕೂ ಅವಕಾಶವಿರುತ್ತದೆ. ಅಂಥ ವಾಹನ ಲೀಟರಿಗೆ ಹತ್ತು ಕಿಲೋಮೀಟರು ಓಡುತ್ತದೆಂದು ಹಿಡಿದು, ಊರೊಳಗಿನ ತಿರುಗಾಟವನ್ನೂ ಸೇರಿಸಿದರೆ ಇನ್ನೂರ ಮೂವತ್ತು ಲೀಟರು ಡೀಸೆಲ್ ಬೇಕಾದೀತು. ಬಾಡಿಗೆಯ ವಾಹನವಾದರೆ ಹಳದಿ ಫಲಕವಿರಬೇಕು ಮತ್ತು ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳ ಗಡಿ ದಾಟುವುದಕ್ಕೆ ಅಖಿಲ ಭಾರತ ಪ್ರವಾಸಿ ಪರವಾನಿಗೆ ಇರಬೇಕು. ಬಿಳಿ ಫಲಕದ ಖಾಸಗಿ ವಾಹನವನ್ನು ಬಾಡಿಗೆಗೆ ಹಿಡಿಯುವುದು ಕಾನೂನಿಗೆ ವಿರುದ್ಧ; ಅವಘಡವಾದರೆ ವಿಮೆಯ ಹಣಕ್ಕೂ ತೊಡಕು. ಸ್ವಂತ ವಾಹನದ ಆಸನಗಳನ್ನು ಕಿತ್ತು ಮಂಚ, ಒಲೆಗಳನ್ನು ಕೂಡಿಸುವ ಉತ್ಸಾಹ ಕೆಲವು ತರುಣರಲ್ಲಿ ಕಾಣುತ್ತದೆ. 1988ರ ಮೋಟಾರು ವಾಹನ ಅಧಿನಿಯಮದಂತೆ ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸಲು ಬರುವುದಿಲ್ಲ. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಆ ಕೆಲಸಕ್ಕೆ ಕೈಹಾಕಬಾರದು.

ವಾಹನಕ್ಕಿಂತ ಮುಖ್ಯನಾದವನು ಸಾರಥಿ. 2024ರ ಜೂನ್ 28ರ ನಸುಕಿನಲ್ಲಿ, ನಾಲ್ಕು ಗಂಟೆಯ ಸುಮಾರಿಗೆ, ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರೊಂದು ಬಡಿದು ಹದಿಮೂರು ಜನ ತೀರಿಕೊಂಡರು. ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಬಂಧುವರ್ಗ. ದೇವರ ದರ್ಶನ ಮುಗಿಸಿಕೊಂಡು ಊರಿಗೆ ಮರಳುತ್ತಿದ್ದರು. ಒಂದೇ ಬಂಧುವರ್ಗಕ್ಕೆ ಬಂದ ಆ ದುಃಖವನ್ನು ನೆನೆದು ನಾವು ತಲೆಬಾಗಬೇಕು. ಯಾರ ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತನ್ನು ನಮ್ಮ ನಮ್ಮ ಮನೆಗಳಿಗೆ ನಾವು ಹೇಳಿಕೊಳ್ಳಬೇಕು. ನಡುರಾತ್ರಿಯಿಂದ ನಸುಕಿನವರೆಗಿನ ಹೊತ್ತು ಮನುಷ್ಯನ ಕಣ್ಣಿಗೆ ನಿದ್ರೆ ಒತ್ತರಿಸಿ ಬರುವ ಹೊತ್ತು. ಆ ಹೊತ್ತಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ನಿಂತ ವಾಹನ ಕಂಡೊಡನೆ ತಡೆಯುವ ಅವಕಾಶವೂ ಸಿಕ್ಕುವುದಿಲ್ಲ. "ಒಂದು ವಸತಿಯ ಖರ್ಚು ಉಳಿಯಿತು, ರಾತ್ರಿಯೇ ಊರು ಮುಟ್ಟೋಣ" ಎಂಬ ಮಾತು ಯಾವ ಮನೆಯಲ್ಲಿಯೂ ಏಳಬಾರದು.

1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮ ಚಾಲಕರ ದುಡಿಮೆಯನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿತ್ತು. ಸಂಸಾರದ ಸಂಚಾರದಲ್ಲಿ ಇದನ್ನು ಇನ್ನೂ ತಗ್ಗಿಸಿ ದಿನಕ್ಕೆ ಐದಾರು ಗಂಟೆಯ ಓಟವೆಂದು ಇಟ್ಟುಕೊಳ್ಳಬೇಕು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಮೂರರ ಒಳಗೆ ಮುಕ್ಕಾಮು ಸೇರಿದರೆ ಎಲ್ಲವೂ ಸಸೂತ್ರ. ಮುಕ್ಕಾಮು ಸೇರಿದೊಡನೆ ಚಾಲಕರಿಗೆ ಮೊದಲು ಊಟ, ಮೊದಲು ಹಾಸಿಗೆ. ನಾವು ಕೋಣೆಗಳಲ್ಲಿ ಮಲಗಿ, ಅವರನ್ನು ವಾಹನದ ಆಸನದ ಮೇಲೆ ಸೊಳ್ಳೆಗಳ ನಡುವೆ ಮಲಗಿಸುವುದು ಕಾಯಕವನ್ನು ಗೌರವಿಸುವ ಮನೆತನಕ್ಕೆ ಶೋಭೆಯಲ್ಲ. ಎತ್ತಿಗೆ ಮೇವು ಹಾಕದೆ ಉಣ್ಣದಿದ್ದ ಹಿರಿಯರ ಮಕ್ಕಳು ನಾವು ಎಂಬುದನ್ನು ಮರೆಯಬಾರದು.

ಮಠದ ಬಾಗಿಲಲ್ಲಿ

ಈ ದಾರಿಯಲ್ಲಿ ಯಾತ್ರಿನಿವಾಸಗಳಿವೆ, ವಸತಿಗೃಹಗಳಿವೆ, ಮಠಗಳಿವೆ. ಮಠದಲ್ಲಿ ತಂಗುವ ಸುಖ ಬೇರೆಯೇ: ಬೆಳಗಿನ ಪೂಜೆಗೆ ನೀರು, ಪ್ರಸಾದ, ಪೂಜ್ಯರ ನಾಲ್ಕು ಮಾತು. ಆದರೆ ಮಠ ಛತ್ರವಲ್ಲ. ನಮ್ಮ ಬಹುಪಾಲು ಮಠಗಳ ಅಡುಗೆಮನೆ ನಡೆಯುವುದು ಪ್ರಸಾದನಿಲಯದ ವಿದ್ಯಾರ್ಥಿಗಳಿಗಾಗಿ. ಹಳ್ಳಿಯ ಬಡಮಕ್ಕಳು ಅಲ್ಲಿ ಉಂಡು ಓದುತ್ತಾರೆ. ನಾನೂ ಹಾಗೆಯೇ ಓದಿದವನು. ಒಮ್ಮೆ ನಾನು ತಂಗಿದ್ದ ಮಠವೊಂದಕ್ಕೆ ರಾತ್ರಿ ಹತ್ತರ ಮೇಲೆ ಮೂರು ವಾಹನಗಳಲ್ಲಿ ನಾಲ್ವತ್ತು ಜನ ಮುಂಚಿತವಾಗಿ ತಿಳಿಸದೆಯೇ ಬಂದಿಳಿದರು. ಅಡುಗೆಯವರು ಮತ್ತೆ ಒಲೆ ಹೊತ್ತಿಸಿದರು. ಮರುದಿನ ಪರೀಕ್ಷೆಯಿದ್ದ ಹುಡುಗರು ತಮ್ಮ ಕೋಣೆಗಳನ್ನು ಬಿಟ್ಟು ಪಡಸಾಲೆಯಲ್ಲಿ ದೀಪದ ಕೆಳಗೆ ಕುಳಿತು ಓದಿದರು. ಬಂದವರು ಭಕ್ತರೇ, ಕೆಟ್ಟವರಲ್ಲ. ಯಾರೂ ಅವರನ್ನು ಕಡೆಗಣಿಸಲಿಲ್ಲ. ಆದರೆ ಆ ರಾತ್ರಿ ಅವರು ಉಂಡದ್ದು ಆ ಹುಡುಗರ ನಿದ್ರೆಯನ್ನು ಎಂಬುದು ಅವರಿಗೆ ಗೊತ್ತಾಗಲೇ ಇಲ್ಲ.

ಆದುದರಿಂದ ಮಠದಲ್ಲಿ ತಂಗುವವರು ಮೂರು ವಾರ ಮೊದಲೇ ಪತ್ರ ಬರೆದು, ಅಥವಾ ದೂರವಾಣಿಯಲ್ಲಿ ಮಾತನಾಡಿ, ಬರುವ ದಿನ, ಹೊತ್ತು, ಜನಸಂಖ್ಯೆ, ನಡೆಯಲಾರದ ವೃದ್ಧರಿದ್ದಾರೆಯೇ ಎಂಬುದನ್ನೆಲ್ಲ ತಿಳಿಸಬೇಕು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೆನಪಿಸಬೇಕು. ಯೋಜನೆ ಬದಲಾದರೆ ಅದನ್ನೂ ತಿಳಿಸಬೇಕು. ಬಾರದ ಅತಿಥಿಗಾಗಿ ಮಾಡಿದ ಅಡುಗೆ ವ್ಯರ್ಥವಾಗುವುದೂ ಅಪಚಾರವೇ. ವಿದ್ಯಾರ್ಥಿಗಳ ಪರೀಕ್ಷೆಯ ಕಾಲವಾಗಿದ್ದರೆ ಅಲ್ಲಿ ದರ್ಶನವಷ್ಟೇ ಸಾಕು, ವಸತಿ ಬೇರೆ ಕಡೆಗೆ. ಹೋಗುವಾಗ ಜೋಳ, ಅಕ್ಕಿ, ಬೆಲ್ಲ, ಬೇಳೆ ಇವುಗಳಲ್ಲಿ ಕೈಲಾದುದನ್ನು ಉಗ್ರಾಣಕ್ಕೆ ಒಪ್ಪಿಸಬೇಕು. ಬೆಳಿಗ್ಗೆ ಮನೆಯ ತರುಣರು ಪಂಕ್ತಿಯಲ್ಲಿ ಬಡಿಸಲಿ, ತಂಗಿದ ಕೋಣೆಯನ್ನು ತಾವೇ ಗುಡಿಸಲಿ. ದಾಸೋಹವೆಂದರೆ ಉಣ್ಣುವುದು ಮಾತ್ರವಲ್ಲ, ಉಣಿಸುವುದು ಎಂಬುದನ್ನು ಮಕ್ಕಳು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ಬುತ್ತಿ ಮತ್ತು ನೀರು

ನಮ್ಮ ಸೀಮೆಯ ತಾಯಂದಿರಿಗೆ ಬುತ್ತಿಯ ವಿಷಯವನ್ನು ಹೇಳಿಕೊಡುವ ಅಗತ್ಯವಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ ಇವು ವಾರಗಟ್ಟಲೆ ಕೆಡುವುದಿಲ್ಲ. ಒಂದು ಲೆಕ್ಕವನ್ನಷ್ಟೇ ಸೂಚಿಸುತ್ತೇನೆ. ವಾಹನ ಓಡುವ ದಿನಗಳು ಹದಿನೈದು. ಚಾಲಕರೂ ಸೇರಿ ಹತ್ತು ಜನರಿಗೆ ಮಧ್ಯಾಹ್ನಕ್ಕೆ ಎರಡೆರಡು ರೊಟ್ಟಿಯೆಂದರೆ ಮುನ್ನೂರು ರೊಟ್ಟಿ. ಅವನ್ನು ಇಪ್ಪತ್ತರಂತೆ ಹದಿನೈದು ಅರಿವೆಯ ಗಂಟುಗಳಾಗಿ ಕಟ್ಟಿದರೆ ದಿನಕ್ಕೊಂದು ಗಂಟು ಬಿಚ್ಚಬಹುದು. ಉಳಿದವು ಗಾಳಿ ಹೊಕ್ಕು ಮೆತ್ತಗಾಗುವುದಿಲ್ಲ. ಮೊಸರನ್ನೂ ಉಳ್ಳಾಗಡ್ಡಿ, ಸೌತೆಕಾಯಿಗಳನ್ನೂ ದಾರಿಯ ಊರಿನಲ್ಲಿ ಕೊಂಡರಾಯಿತು. ಉಳಿದ ಊಟ ಮುಕ್ಕಾಮಿನಲ್ಲಿ.

ವಾಹನದಲ್ಲಿ ಅಡುಗೆ ಅನಿಲದ ಸಿಲಿಂಡರನ್ನು ಒಯ್ಯುವುದು ಖಂಡಿತ ಬೇಡ. 2023ರ ಆಗಸ್ಟ್ 26ರಂದು ಮದುರೆಯ ರೈಲು ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ, ಒಳಗೆ ಒಯ್ದಿದ್ದ ಸಿಲಿಂಡರಿನ ಕಾರಣದಿಂದ ಬೆಂಕಿ ಹತ್ತಿ ಒಂಬತ್ತು ಜನ ಯಾತ್ರಿಕರು ಮಡಿದರು. ಬಿಸಿ ಚಹದ ಆಸೆಗೆ ಅಷ್ಟು ಬೆಲೆ ತೆರಬೇಕಾಗಿಲ್ಲ. ಮುಕ್ಕಾಮಿನಲ್ಲಿ ತುಂಬಿಸಿಕೊಂಡ ಎರಡು ಥರ್ಮಾಸುಗಳು ಸಾಕು. ಇಪ್ಪತ್ತು ಲೀಟರಿನ ನೀರಿನ ಎರಡು ಕ್ಯಾನುಗಳಿರಲಿ. ಉಳವಿ, ಶ್ರೀಶೈಲಗಳೆರಡೂ ಕಾಡಿನ ನೆಲೆಗಳು. ಹಳಿಯಾಳ, ದಾಂಡೇಲಿಗಳ ಆಚೆಯ ಕಾಡು 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರಿನದು. ಅಲ್ಲಿ ದಾರಿಯ ಬದಿಗೆ ವಾಹನ ನಿಲ್ಲಿಸಿ ಉಣ್ಣುವುದು, ಎಲೆ ತಟ್ಟೆ ಪ್ಲಾಸ್ಟಿಕುಗಳನ್ನು ಎಸೆಯುವುದು ಸಲ್ಲದು. ಕಸವನ್ನು ಚೀಲದಲ್ಲಿ ಕಟ್ಟಿ ಮರಳಿ ತರಬೇಕು.

ಹಿರಿಯರು, ಹೆಣ್ಣುಮಕ್ಕಳು, ಮಕ್ಕಳು

ದೀರ್ಘ ಪ್ರಯಾಣದಲ್ಲಿ ಹೆಣ್ಣುಮಕ್ಕಳು ಅನುಭವಿಸುವ ಮುಖ್ಯ ಕಷ್ಟವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಶೌಚಕ್ಕೆ ಸ್ಥಳ ಸಿಗಲಾರದೆಂಬ ಅಂಜಿಕೆಯಿಂದ ಮುಂಜಾನೆಯಿಂದ ನೀರನ್ನೇ ಕುಡಿಯುವುದಿಲ್ಲ. ಸಂಜೆಗೆ ತಲೆನೋವು, ಉರಿಮೂತ್ರ. ಮನೆಯ ಗಂಡಸರು ಇದನ್ನು ಕೇಳಿಸಿಕೊಳ್ಳದೆಯೇ ತಿಳಿಯಬೇಕು. ಎರಡು ಗಂಟೆಗೊಮ್ಮೆ ವಾಹನ ನಿಲ್ಲಬೇಕು. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ ಮತ್ತು ಕುಡಿಯುವ ನೀರಿನ ಅನುಕೂಲವಿರಬೇಕೆಂಬ ನಿಯಮವಿದೆ, ಸಂಕೋಚವಿಲ್ಲದೆ ಕೇಳಬಹುದು.

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಇಪ್ಪತ್ತೈದು ದಿನಕ್ಕಲ್ಲ, ಮೂವತ್ತೈದು ದಿನಕ್ಕೆ ಆಗುವಷ್ಟು ಒಯ್ಯಬೇಕು. ಎರಡು ಚೀಲಗಳಲ್ಲಿ ಹಂಚಿಡಬೇಕು. ವೈದ್ಯರ ಚೀಟಿಯ ಪ್ರತಿಯೊಂದು ಜೊತೆಗಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿಗೆ ನಿಂತ ವಾಹನದಲ್ಲಿ ಬಿಟ್ಟಿಳಿಯಬಾರದು. ಪ್ರತಿ ಮುಕ್ಕಾಮಿನಲ್ಲಿಯೂ ಸಮೀಪದ ಆಸ್ಪತ್ರೆ ಯಾವುದೆಂಬುದನ್ನು ಬೆಳಕಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಕೂಡಲಸಂಗಮದ ಮೆಟ್ಟಿಲು, ಶ್ರೀಶೈಲದ ಪಾತಾಳಗಂಗೆಯ ಮೆಟ್ಟಿಲು ಎಲ್ಲರಿಗೂ ಸಾಧ್ಯವಲ್ಲ. "ಮೇಲೆಯೇ ಕುಳಿತಿರುತ್ತೇನೆ" ಎಂದು ಅಜ್ಜಿ ಹೇಳಿದರೆ ಒತ್ತಾಯಿಸದೆ ಒಬ್ಬರು ಅವರ ಬಳಿ ಕುಳಿತುಕೊಳ್ಳಬೇಕು. ಆ ಸರದಿ ಪ್ರತಿದಿನ ಸೊಸೆಗೇ ಬರದಂತೆ ಗಂಡುಮಕ್ಕಳೂ ಪಾಲು ಹಂಚಿಕೊಳ್ಳಬೇಕು.

ಮಕ್ಕಳಿಗೆ ಒಂದು ಕೆಲಸ ಕೊಡಬೇಕು. ನೂರು ಪುಟದ ನೋಟುಪುಸ್ತಕದಲ್ಲಿ ಪ್ರತಿ ಮುಕ್ಕಾಮಿಗೂ ಒಂದು ಪುಟ: ಊರಿನ ಹೆಸರು, ತಲುಪಿದ ಹೊತ್ತು, ಅಂದು ಓಡಿದ ಕಿಲೋಮೀಟರು, ನೋಡಿದ ಶರಣರ ನೆಲೆ, ಊಟ ಬಡಿಸಿದವರ ಹೆಸರು. ಕೊನೆಯ ಅಂಶವೇ ಮುಖ್ಯವಾದುದು. ಗುಡಿಯ ಗೋಪುರ ಚಿತ್ರದಲ್ಲಿ ಉಳಿಯುತ್ತದೆ. ಅನ್ನ ಬಡಿಸಿದ ಕೈ ಬರೆದಿಡದಿದ್ದರೆ ಮರೆತುಹೋಗುತ್ತದೆ.

ಹೊರಡುವ ಮುನ್ನ

ಆದುದರಿಂದ ಸದ್ಭಕ್ತರಾದ ಓದುಗರಲ್ಲಿ ಒಂದು ವಿನಂತಿ. ಯೋಜನೆಗೆ ಕುಳಿತ ದಿನ ಒಂದು ಹಾಳೆಯ ಎಡಬದಿಗೆ ರಾತ್ರಿಗಳ ಸಂಖ್ಯೆಯನ್ನು ಬರೆಯಿರಿ. ಪ್ರತಿ ರಾತ್ರಿಯ ಎದುರು ತಂಗುವ ಊರು, ತಂಗುವ ಸ್ಥಳ, ಅಲ್ಲಿಯ ದೂರವಾಣಿ, ಹಿಂದಿನ ಮುಕ್ಕಾಮಿನಿಂದ ಇರುವ ದೂರ ಇವು ನಾಲ್ಕನ್ನು ತುಂಬಿರಿ. ಎಲ್ಲಿಯಾದರೂ ಒಂದು ಮನೆ ಖಾಲಿ ಉಳಿದರೆ ಹೊರಡುವ ದಿನವನ್ನು ಮುಂದೂಡಿರಿ. ಆ ಹಾಳೆಯ ಒಂದು ಪ್ರತಿ ಊರಿನಲ್ಲಿ ಉಳಿಯುವ ಬಂಧುಗಳ ಬಳಿ ಇರಲಿ, ಇನ್ನೊಂದು ಚಾಲಕರ ಬಳಿ ಇರಲಿ. ಕತ್ತಲಾದ ಮೇಲೆ ವಾಹನ ಓಡಿಸೆನೆಂದು ಅವರು ಹೇಳಿದರೆ ಅದನ್ನು ಉದ್ಧಟತನವೆಂದು ತಿಳಿಯದೆ, ನಮ್ಮ ಮಕ್ಕಳ ಮೇಲಿನ ಕಾಳಜಿಯೆಂದು ತಿಳಿಯಿರಿ.

ನಡೆದು ಹೋದ ಶರಣರಿಗೆ ದಾರಿಯೂ ಬಾಳಿನ ಭಾಗವಾಗಿತ್ತು. ನಮಗೆ ಅಷ್ಟು ನಡೆಯುವ ಶಕ್ತಿಯಿಲ್ಲ. ಆದರೆ ಅವರು ನಡೆದ ದಾರಿಯಲ್ಲಿ ನಿಧಾನವಾಗಿ ಸಾಗಿ, ಹೊತ್ತಿಗೆ ಸರಿಯಾಗಿ ತಂಗಿ, ಉಂಡ ಮನೆಗೆ ಹೊರೆಯಾಗದೆ, ಹೊರಟ ಹತ್ತೂ ಜನ ಕ್ಷೇಮವಾಗಿ ಮರಳಿ ಮನೆಯ ಹೊಸ್ತಿಲನ್ನು ದಾಟುವುದು ನಮ್ಮ ಕೈಯಲ್ಲಿದೆ. ಸಂಚಾರದ ಸಾಫಲ್ಯ ಅದರಲ್ಲಿದೆ.